ಕೊನೆಗುಳಿದ ನಗು

ಮಗಳು ಓದಲೆಂದು ನಿನ್ನನ್ನು ಪೂರ್ತಿ ಬರೆದಿಡುತ್ತೇನೆ ಎಂದು ದರ್ಜಿ ಈರಣ್ಣ, ಬಾಣಂತನದಲ್ಲೇ ಕಣ್ಣುಮುಚ್ಚಿದ ಹೆಂಡತಿ ಗೌರವ್ವನಿಗೆ ಆಕೆಯ ಕೊನೆಗಳಿಗೆಯಲ್ಲಿ ಮಾತು ಕೊಟ್ಟಿದ್ದ. ಕಾಗದಕ್ಕಿಳಿದದ್ದೆಲ್ಲ ಬರೆದವನ ನೆನಪಿನಿಂದ ಅಳಿಸಿಹೋಗುವ ಕಾಲವದು. ಹಾಗಾಗಿ ಕಳೆದುಕೊಂಡರೂ ನಡೆಯುತ್ತದೆ ಎನ್ನುವಂಥದ್ದನ್ನೇ ಎಲ್ಲರೂ ಮೊದಲು ಬರೆಯುತ್ತಿದ್ದರು. ಈರಣ್ಣನೂ ಅಂಗಡಿ ಮುಚ್ಚಿ ಬಂದು ದಿನಕ್ಕಿಷ್ಟು ಬರೆದ: ಮೊದಲು ಜಗಳ, ಆಮೇಲೆ ಆಕೆಯ ಅಡುಗೆ, ನಡಿಗೆ, ದನಿ. ಕಾಗುಣಿತ ತಿದ್ದುವುದು ಮಗಳು ಪಾರಿಯ ಕೆಲಸ. ಬರೆದ ಮೇಲೆ ಅವನಿಗೆ ಅದೆಲ್ಲ ಯಾರದೋ ಕಥೆ.

ಉಳಿದದ್ದು ಗೌರವ್ವನ ನಗುವೊಂದೇ. ಅದನ್ನು ಅವನು ವರ್ಷಗಟ್ಟಲೆ ಮುಂದೂಡಿದ್ದ.

"ಇನ್ನ ಎಷ್ಟ ದಿನಾ ಬಚ್ಚಿಟ್ಕೋತಿಯಪ್ಪಾ? ನೀ ಹೋದ್ರ ಅವ್ವನ ನಗೂನೂ ನಿನ್ನ ಸಂಗಾಟನ ಹೋಗತೈತಿ," ಎಂದಳು ಪಾರಿ.

"ಇದನ್ನೂ ಬರದ್ರ ನನ್ ಹತ್ರ ಏನ್ ಉಳಿತೈತವ್ವಾ?"

ಪಾರಿ ಚಹಾ ಮುಂದಿಟ್ಟು ಪೆನ್ನು ಕೈಗೆ ಕೊಟ್ಟಳು.

ಚಹಾ ಆರುವಷ್ಟರಲ್ಲಿ ಹಾಳೆ ತುಂಬಿತು. ಗೌರವ್ವ ಬಾಯಿಗೆ ಸೆರಗೊತ್ತಿಕೊಂಡು ನಗುತ್ತಿದ್ದಳು, ನಕ್ಕು ನಕ್ಕು ಕೊನೆಗೆ ಬಿಕ್ಕಳಿಸುತ್ತಿದ್ದಳು ಎಂದಿತ್ತು. ಓದುತ್ತ ಪಾರಿಗೆ ನಗು ಉಕ್ಕಿತು. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು.

"ನೀರ್ ಕುಡಿಯವ್ವಾ," ಎಂದು ಈರಣ್ಣ ತಂಬಿಗೆ ಚಾಚಿ, ಹಾಳೆಯತ್ತ ಕಣ್ಣು ಹಾಯಿಸಿದ. "ಯಾರವ್ವಾ ಈ ಗೌರವ್ವ?"

ಕೊಟ್ಟ ಮಾತನ್ನು ಈರಣ್ಣ ನಡೆಸಿಕೊಟ್ಟಿದ್ದ.