ಹದಿನೇಳನೇ ತಾರೀಖಿನ ಚುಕ್ಕೆ

ಅಂಗಿಯ ಎರಡು ತೋಳು ಸಮ ಇದೆಯಾ ಎಂದು ನೋಡುವವನಂತೆ ಟೈಲರ್ ಎರಡು ಕ್ಯಾಲೆಂಡರ್ ಹಾಳೆಗಳನ್ನು ಜೋಡಿಸಿ ಡಾಕ್ಟರ ಕೋಣೆಯ ಕಿಟಕಿಯ ಬೆಳಕಿಗೆ ಹಿಡಿದ. ಡಾಕ್ಟರು ಹೇಳಿದ್ದಂತೆ, ಕುಡಿದ ದಿನಕ್ಕೆ ಅವನು ನೀಲಿ ಚುಕ್ಕೆ ಇಟ್ಟಿದ್ದ. ತಲೆನೋವಿನ ದಿನಕ್ಕೆ ಹೆಂಡತಿ ಕೆಂಪು ಚುಕ್ಕೆ ಇಟ್ಟಿದ್ದಳು. ತನ್ನ ಕುಡಿತಕ್ಕೂ ತನ್ನ ತಲೆನೋವಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಎಂದು ತಿಂಗಳಿಡೀ ಅವನ ವಾದ.

ಪ್ರತಿ ನೀಲಿಯ ಮೇಲೂ ಕೆಂಪು, ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಟೈಲರನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಹದಿನೇಳನೇ ತಾರೀಖಿನ ಮೇಲೆ ಒಂಟಿ ಕೆಂಪು ಚುಕ್ಕೆ ಕಣ್ಣಿಗೆ ಬಿತ್ತು.

"ಸಿಕ್ತು ನೋಡಿ ಡಾಕ್ಟ್ರೇ! ಅವತ್ತು ಒಂದು ತೊಟ್ಟೂ ಮುಟ್ಟಿಲ್ಲ. ಅಂಗಡಿಗೂ ರಜೆ. ಬೆಳಗಿಂದ ಸಂಜೆವರೆಗೂ ಮನೇಲಿ ಇವಳ ಹತ್ರ ಹಾಯಾಗಿ ಹರಟೆ ಹೊಡೀತಾ ಕೂತಿದ್ದೆ!"

ಹೆಂಡತಿ ನಗು ತಡೆದುಕೊಂಡು ಹೇಳಿದಳು: "ಅವತ್ತಿನ ತಲೆನೋವು ನಂದು ಕಣ್ರೀ."