ಹತ್ತರಿಂದ ನಾಲ್ಕು

"ಪಾರ್ಕು ಹತ್ತರಿಂದ ನಾಲ್ಕರವರೆಗೆ ಬಂದ್ ಸಾರ್. ಬೋರ್ಡ್ ನೋಡ್ಲಿಲ್ವಾ?" ಗೇಟಿನ ಒಳಗಿನಿಂದ ಕಾವಲುಗಾರ ಗದರಿದ.

ಇಸ್ತ್ರಿ ಅಂಗಿಯವನು ಊಟದ ಡಬ್ಬಿಯನ್ನು ಎತ್ತಿ ತೋರಿಸಿದ. "ನೆರಳಲ್ಲಿ ಕೂತು ಊಟ ಮಾಡ್ತೀನಪ್ಪ, ಅಷ್ಟೇ."

"ಮನೆಗೆ ಹೋಗಿ ಮಾಡಿ."

"ಮನೇಲಿ ಅಮ್ಮ ಇದ್ದಾರೆ. ಕೆಲಸ ಹೋಗಿದ್ದು ಯಾರಿಗೂ ಹೇಳಿಲ್ಲ. ಹೆಂಡ್ತಿಗೂ."

ಕಾವಲುಗಾರ ರಸ್ತೆಯ ಎರಡೂ ಕಡೆ ನೋಡಿ ಬೀಗ ತೆಗೆದ. "ಜಾರುಬಂಡೆ ದಾಟಿದ್ರೆ ಹೊಂಗೆ ಮರದ ಹಿಂದೆ ಬೆಂಚಿದೆ, ರಸ್ತೆಗೆ ಕಾಣಲ್ಲ. ಅಲ್ಲೊಬ್ರು ಮೇಡಂ ಇದ್ದಾರೆ, ದಿನಾ ಬರ್ತಾರೆ. ಅವರದೂ ಇದೇ ಕತೆ. ಏನೂ ಕೇಳೋಕೆ ಹೋಗ್ಬೇಡಿ, ಪಾಪ."

ಅವನು ತಲೆಯಾಡಿಸಿ ಮರದ ಹಿಂದಕ್ಕೆ ನಡೆದ.

ಹೊಂಗೆ ಹೂ ಉದುರಿದ್ದ ಬೆಂಚಿನ ಮೇಲೆ, ಅಂಥದೇ ಡಬ್ಬಿ ಬಿಚ್ಚಿಕೊಂಡು, ಬೆಳಿಗ್ಗೆ ಅವನೇ ಬ್ಯಾಂಕಿನ ಮುಂದೆ ಇಳಿಸಿಬಂದಿದ್ದ ಹೆಂಡತಿ ಕೂತಿದ್ದಳು.