ನಾಲ್ಕು ಸೆಡಿಯ ಕಾದಂಬರಿ

ಮೂರನೆಯ ಅಧ್ಯಾಯದಲ್ಲಿ ತನ್ನದೇ ಮನೆಯ ಬಾವಿ ಎದುರಾದಾಗ ಕೊನಾಡು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅಂಗಳದ ನಡುವೆ ಬಾವಿ, ಬಾವಿಕಟ್ಟೆಯ ಕಲ್ಲಿನಲ್ಲಿ ಕೆತ್ತಿದ ಮೊಸಳೆ. ಕುಮಾಸಿ ಪಟ್ಟಣದ ಈಚೆಗಿನ ಊರುಗಳಲ್ಲೆಲ್ಲ ಅಂಥ ಬಾವಿ ಇದ್ದದ್ದು ಒಂದೇ. ಅದರ ಕಟ್ಟೆಗೆ ಒರಗಿಯೇ ಅವಳು ಫೋನಿನಲ್ಲಿ ಓದುತ್ತಿದ್ದಳು. ಐತಿಹಾಸಿಕ ಕಾದಂಬರಿ ಎಂದರೆ ಅವಳಿಗೆ ಹುಚ್ಚು. ನರ್ಸ್ ಸಂಬಳದಲ್ಲಿ ಕಾಗದದ ಪುಸ್ತಕ ಕೊಳ್ಳುವ ಹಾಗಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದವಳೇ ಬೆಲೆ ಇಳಿದ ಇ-ಪುಸ್ತಕಗಳಿಗೆ ಗಾಳ ಹಾಕುತ್ತಿದ್ದಳು. ಇದು ನಾಲ್ಕು ಸೆಡಿಗೆ ಸಿಕ್ಕಿತ್ತು. ಮೆಕ್ಕೆಜೋಳದ ಹಿಟ್ಟಿನ ಒಂದು ಉಂಡೆ ಕೆಂಕೆಗೂ ಅದಕ್ಕಿಂತ ಹೆಚ್ಚು ಕೊಡಬೇಕು.

ಕಥೆಯಲ್ಲಿ ಬಾವಿಮನೆಯ ಒಡತಿಗೆ ಹೆಣ್ಣುಮಕ್ಕಳಿಲ್ಲ. ಅವಳು ಉತ್ತರದ ವ್ಯಾಪಾರಿಗೆ ಒಂದು ಹೊರೆ ಕೋಲಾಕಾಯಿ ಕೊಟ್ಟು, ಕೆನ್ನೆಯ ಮೇಲೆ ಅಲ್ಲಿಯವರ ಗುರುತಿನ ಗೀರುಗಳಿದ್ದ ಒಬ್ಬ ಹುಡುಗಿಯನ್ನು ಕೊಳ್ಳುತ್ತಾಳೆ. ಮಗಳೆಂದೇ ಸಾಕುತ್ತಾಳೆ. ಆಮೇಲಿನ ಬಾವಿಮನೆಯವರೆಲ್ಲ ಆ ಹುಡುಗಿಯ ಸಂತಾನ.

ಕೊನಾಡು ಒಳಗೆ ಓಡಿದಳು. ಅವಳ ತಾಯಿ ಅಚಿಯಾ ಕನ್ನಡಿಯ ಮುಂದೆ ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಊರಿನ ಮುಖ್ಯಸ್ಥೆಯಾಗುವ ಹೊಸ ರಾಣಿತಾಯಿಯನ್ನು ಆರಿಸಲು ಕುಲದ ಹಿರಿಯರು ಇನ್ನೇನು ಬರುವವರಿದ್ದರು. ಊರು ಕಟ್ಟಿದ ಅಕ್ಕತಂಗಿಯರ ಎರಡು ಮನೆಗಳು. ಬಾವಿಮನೆಯಿಂದ ಅಚಿಯಾ, ಇನ್ನೊಂದರಿಂದ ಮುದುಕಿ ದುಫಿಯೆ ಪೈಪೋಟಿಗೆ ನಿಂತಿದ್ದರು. ತಾಯಿಯ ರಕ್ತದಲ್ಲಿ ಮಾತ್ರ ಇಳಿಯುವ ಪೀಠ ಅದು. ಕೊಂಡು ತಂದವಳ ಮಕ್ಕಳಿಗೆ ಅದರ ನೆರಳೂ ಇಲ್ಲ.

"ಅಮ್ಮ, ಒಂದು ಪುಸ್ತಕ ಸಿಕ್ಕಿದೆ. ಅದರಲ್ಲಿ ನಮ್ಮ ಮನೆ..."

ಅಚಿಯಾ ಮಗಳ ಬಾಯಿಗೆ ಕೈ ಒತ್ತಿದಳು. "ಮುಚ್ಚು. ನೀನು ಹೇಳಿಲ್ಲ, ನಾನು ಕೇಳಿಲ್ಲ."

"ಹಾಗಾದ್ರೆ ನಿಜಾನಾ?"

"ಒಬ್ಬರ ಮೂಲಾನ ಇನ್ನೊಬ್ಬರು ಆಡಬಾರದು. ನಮ್ಮ ಅಸಾಂಟೆ ಜನದ ಕಟ್ಟಳೆ ಕಣೆ ಅದು. ಆಡಿದವರ ಕೈಲಿ ದಂಡಕ್ಕೆ ಕುರಿ ಕಡಿಸಿ, ಕುಲದ ಮುಂದೆ ಮಾನ ಕಳೀತಾರೆ. ಅದರಿಂದಾನೇ ಇಷ್ಟು ತಲೆಮಾರು ಉಸಿರಾಡ್ಕೊಂಡು ಬಂದಿದೀವಿ. ಬಾಯಿ ಬಿಡೋಕೆ ಯಾರಿಗಿದೆ ಧೈರ್ಯ?"

"ಬಾಯಿ ಯಾಕೆ ಬಿಡಬೇಕು? ನಾಲ್ಕು ಸೆಡಿ ಬಿಟ್ಟರೆ ಸಾಕು, ಯಾರು ಬೇಕಾದ್ರೂ ಓದ್ತಾರೆ."

ಹಿರಿಯರು ಬಂದು ನೆರಳಲ್ಲಿ ಕೂತರು. ಪೂರ್ವಜರಿಗೆಂದು ನೆಲಕ್ಕೆ ಮದ್ಯ ಸುರಿದದ್ದಾಯಿತು. ಕೊನೆಗೆ ದುಫಿಯೆ ಬಂದಳು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಫೋನು. ಆ ಮುದುಕಿ ಫೋನು ಮುಟ್ಟಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

"ಏನೇ ನರ್ಸಮ್ಮ, ನೀನು ಪುಸ್ತಕದ ಹುಳ ಅಲ್ವಾ?" ದುಫಿಯೆ ಫೋನು ಚಾಚಿದಳು. "ಅಗ್ಗಕ್ಕೆ ಸಿಕ್ತು ಅಂತ ಮೊಮ್ಮಗಳು ಯಾವುದೋ ಕಥೆ ಹಾಕಿಕೊಟ್ಟಿದಾಳೆ. ನನ್ನ ಕಣ್ಣಿಗೆ ಪೊರೆ. ಮೂರನೇ ಅಧ್ಯಾಯ ಭಾಳ ಚೆನ್ನಾಗಿದೆಯಂತೆ. ಸ್ವಲ್ಪ ಜೋರಾಗಿ ಓದು, ಹಿರಿಯರೂ ಕೇಳಲಿ."

"ಮೊಮ್ಮಗಳ ಕೈಲೇ ಓದಿಸಬಹುದಿತ್ತಲ್ಲ, ದೊಡ್ಡಮ್ಮ."

"ಅವಳು ಇಂಗ್ಲಿಷು ಓದಿದರೆ ಬಾಯಲ್ಲಿ ಬೆಂಡೆಕಾಯಿ ಸಾರು ಇಟ್ಕೊಂಡ ಹಾಗಿರುತ್ತೆ. ನೀನು ಓದ್ಕೊಂಡು ನಮ್ಮ ಮಾತಲ್ಲಿ ಹೇಳು. ಬರೀ ಕಥೆ ತಾನೆ? ಕಥೆಗೆ ಯಾರೂ ದಂಡ ಹಾಕಲ್ಲ."

ಉಪಾಯ ಸರಳವಾಗಿತ್ತು. ದುಫಿಯೆ ಒಂದು ಮಾತೂ ಆಡುವುದಿಲ್ಲ. ಬಾವಿಮನೆಯ ಮೂಲವನ್ನು ಬಾವಿಮನೆಯ ಮಗಳೇ ಬಾಯಾರೆ ಹೇಳುತ್ತಾಳೆ.

"ಓದಮ್ಮ," ಎಂದ ಹಿರಿಯರಲ್ಲಿ ಹಿರಿಯ. "ಕಥೆ ಕೇಳಿ ಎಷ್ಟು ವರ್ಷ ಆಯ್ತೋ."

ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಕೊನಾಡು ತಾಯಿಯತ್ತ ನೋಡಿದಳು. ತಾಯಿ ನೆಲ ನೋಡುತ್ತಿದ್ದಳು.

"ಊರಿನ ನಡುವೆ ಒಂದು ದೊಡ್ಡ ಮನೆ," ಕೊನಾಡು ಶುರುಮಾಡಿದಳು. "ಆ ಮನೆಯ..." ಪರದೆಯ ಮೇಲೆ ಬಾವಿ ಇತ್ತು, ಮೊಸಳೆ ಇತ್ತು. ಅವಳು ಅದನ್ನೇ ನೋಡುತ್ತ ಹೇಳಿದಳು: "ಆ ಮನೆಯ ಬಾಗಿಲ ಮುಂದೆ ಸಿಡಿಲು ಸೀಳಿದ ಬೂರುಗದ ಮರ."

ಹಿರಿಯರೆಲ್ಲ ಒಟ್ಟಿಗೆ ತಲೆಯೆತ್ತಿದರು. ಸಿಡಿಲು ಸೀಳಿದ ಬೂರುಗ ಇರುವುದು ದುಫಿಯೆಯ ಬಾಗಿಲ ಮುಂದೆ ಎಂದು ಊರಿನ ಮೇಕೆಗಳಿಗೂ ಗೊತ್ತು.

ದುಫಿಯೆ ಬಾಯಿ ತೆರೆದಳು, ಮುಚ್ಚಿದಳು. ಅಲ್ಲಿ ಹಾಗಿಲ್ಲ ಎನ್ನಬೇಕಾದರೆ ಹೇಗಿದೆ ಎಂದು ತನ್ನ ಬಾಯಲ್ಲೇ ಹೇಳಬೇಕು. ಕೊನಾಡುವಿಗೆ ಅದು ಹೊಳೆಯಿತು. ಹೆದರಿಕೆ ಹೋಗಲಿಲ್ಲ, ಆದರೆ ಮಾತು ತಾನಾಗಿ ಬಂತು. "ಆ ಮನೆಯ ಒಡತಿಗೆ ಹೆಣ್ಣುಮಕ್ಕಳಿರಲಿಲ್ಲ. ಒಂದು ದಿನ ಉತ್ತರದಿಂದ ಒಬ್ಬ ವ್ಯಾಪಾರಿ, ಜೊತೆಗೊಬ್ಬ ಹುಡುಗಿ..."

"ಸಾಕು!"

ದುಫಿಯೆ ಎದ್ದಿದ್ದಳು. "ಕಥೆ ಸಪ್ಪೆಯಾಗಿದೆ. ಅಗ್ಗದ್ದು ಇನ್ನೇನಿರುತ್ತೆ?" ಎಂದು ಹಿರಿಯರ ಕಡೆ ನಕ್ಕಳು. ಯಾರೂ ನಗಲಿಲ್ಲ. ಅವಳು ಊರುಗೋಲು ಊರುತ್ತ ಬಂದು ಕೊನಾಡುವಿನ ಕೈಯಿಂದ ಫೋನು ತೆಗೆದುಕೊಂಡಳು. ಉಗಿಯುತ್ತಾಳೆ, ಶಪಿಸುತ್ತಾಳೆ ಎಂದು ಕೊನಾಡು ಉಸಿರು ಬಿಗಿಹಿಡಿದು ನಿಂತಳು.

ಮುದುಕಿ ಅವಳ ಕಿವಿಗೆ ಬಾಯಿ ತಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ನಮ್ಮನೆ ವಿಷಯ ನಿನಗೆ ಯಾರು ಹೇಳಿದ್ದು?"